ನರಮಂಡಲಕ್ಕೆ ಶ್ವಾಸಕೋಶದ ದಾರಿ



ಮಲ್ಟಿಪಲ್ ಸ್ಕ್ಲೆರೋಸಿಸ್ ಮಿದುಳು, ಬೆನ್ನುಹುರಿಯ ಕಾಯಿಲೆ ಎಂದೇ ನಾವು ಪಾಠ ಹೇಳುತ್ತ ಬಂದಿದ್ದೇವೆ. ರೋಗನಿರೋಧಕ ಕೋಶಗಳೇ ನರತಂತುಗಳ ಮಯಲಿನ್ ಹೊದಿಕೆಯನ್ನು ಹಾಳುಗೆಡಹುವ ಈ ರೋಗದ ಮೂಲ ಹುಡುಕುವಾಗ ಶ್ವಾಸಕೋಶವನ್ನೂ ಮರೆಯದಿರೋಣ ಎಂಬುದು ನನ್ನ ಆಶಯ.

ಈ ಆಶಯಕ್ಕೆ ಬಲ ಕೊಟ್ಟದ್ದು ಸ್ವೀಡನ್ನಿನ ಅಧ್ಯಯನಗಳು. ಧೂಮಪಾನಿಗಳಲ್ಲಿ ಈ ರೋಗದ ಅಪಾಯ ಸುಮಾರು ಒಂದೂವರೆ ಪಟ್ಟು. ತಪ್ಪು ನಿಕೋಟಿನ್ನಿನದೇ? ಆದರೆ ಅಲ್ಲಿನವರು ತುಟಿಯಡಿ ಇಟ್ಟುಕೊಳ್ಳುವ ‘ಸ್ನೂಸ್’ ಎಂಬ ಹೊಗೆಯಿಲ್ಲದ ತಂಬಾಕಿನಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. (ತಂಬಾಕು ಜಗಿಯಲು ಇದು ಪರವಾನಗಿಯಲ್ಲ, ನಮ್ಮ ಬಾಯಿ ಕ್ಯಾನ್ಸರ್ ವಾರ್ಡುಗಳನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.) ಸಂಶಯವೀಗ ಹೊಗೆಯ ಮೇಲೆ, ಅದು ಕೆರಳಿಸುವ ಶ್ವಾಸಕೋಶದ ಮೇಲೆ. 2012ರಲ್ಲಿ ಜರ್ಮನಿಯ ಸಂಶೋಧಕರು ಇಲಿಗಳಲ್ಲಿ ಇನ್ನೊಂದು ಸಂಗತಿ ಕಂಡರು: ದಾಳಿಕೋರ ಟಿ-ಕೋಶಗಳು ನೇರ ಮಿದುಳಿಗೆ ಹೋಗುವುದಿಲ್ಲ, ಶ್ವಾಸಕೋಶದಲ್ಲಿ ತಂಗಿ, ಒಳನುಗ್ಗುವ ಶಕ್ತಿಯನ್ನು ಅಲ್ಲೇ ಪಡೆಯುತ್ತವೆ.

ಸಿಗರೇಟಿನ ಹೊಗೆಗೆ ಸಲ್ಲುವ ಮಾತು ಡೀಸೆಲ್ ಹೊಗೆಗೂ ಸಲ್ಲುತ್ತದೆಯೇ? ಇಟಲಿಯ ಲೊಂಬಾರ್ಡಿಯಲ್ಲಿ ಗಾಳಿಯಲ್ಲಿ ಪಿಎಂ 10 ಎಂಬ ಸೂಕ್ಷ್ಮ ಕಣಗಳು ಏರಿದ ವಾರಗಳ ಬೆನ್ನಿಗೇ ಈ ರೋಗಿಗಳು ಆಸ್ಪತ್ರೆಗೆ ದಾಖಲಾಗುವುದು ಹೆಚ್ಚಿತ್ತು. ಕೆನಡಾದ ಒಂಟಾರಿಯೊದಲ್ಲಿ, ಅಮೆರಿಕದ ನರ್ಸುಗಳ ದೀರ್ಘ ಅಧ್ಯಯನದಲ್ಲಿ, ರೋಗ ಹೊಸದಾಗಿ ಬರುವುದಕ್ಕೂ ಗಾಳಿಗೂ ನಂಟು ಸಿಗಲಿಲ್ಲ. ಇವನ್ನು ಪರಸ್ಪರ ವಿರುದ್ಧವೆಂದು ನಾನು ಓದುವುದಿಲ್ಲ. ರೋಗ ಹುಟ್ಟುವುದು ಬೇರೆ, ಇದ್ದ ರೋಗ ಮರುಕಳಿಸುವುದು ಬೇರೆ. ಹುಟ್ಟಿನ ವಿಷಯದಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ಸಿನ ಪಾತ್ರ ದೊಡ್ಡದು. ಒಂದು ಕೋಟಿಗೂ ಹೆಚ್ಚು ಅಮೆರಿಕನ್ ಸೈನಿಕರ ದಾಖಲೆ ಆಧರಿಸಿದ 2022ರ ಅಧ್ಯಯನ, ಆ ಸೋಂಕಿನ ನಂತರ ಅಪಾಯ 32 ಪಟ್ಟು ಏರುವುದನ್ನು ತೋರಿಸಿತು.

ನಮ್ಮಲ್ಲಿ ಪ್ರಶ್ನೆ ಇನ್ನೂ ಕಗ್ಗಂಟು. ಮಂಗಳೂರು ನಗರದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ರೋಗಿಗಳು. ಉತ್ತರ ಯೂರೋಪಿನಲ್ಲಿ ನೂರಕ್ಕೂ ಹೆಚ್ಚು. ಕಲುಷಿತ ಗಾಳಿಯೊಂದೇ ಸಾಕಾಗಿದ್ದರೆ ಗಂಗಾ ಬಯಲಿನ ಊರುಗಳಲ್ಲಿ ಈ ರೋಗ ತುಂಬಿರಬೇಕಿತ್ತು. ವಂಶವಾಹಿ, ಬಿಸಿಲು, ಬಾಲ್ಯದ ಸೋಂಕುಗಳು ನಡುವೆ ನಿಂತಿರಬಹುದು. ಅಷ್ಟಕ್ಕೇ ಗಾಳಿಯನ್ನು ನಿರ್ದೋಷಿ ಎನ್ನಲಾರೆ. ಪಿಎಂ 2.5ಕ್ಕೆ ನಮ್ಮ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯದು 5. ಅಷ್ಟು ಅಂತರದ ಗಾಳಿಯಲ್ಲಿ ನಮ್ಮ ರೋಗಿ ಉಸಿರಾಡುತ್ತಿದ್ದಾಳೆ. ಅವಳು ಎಲ್ಲಿ ವಾಸಿಸುತ್ತಾಳೆ, ಯಾವ ರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಸೌದೆ ಒಲೆ ಉರಿಸುತ್ತಾಳೆಯೇ ಎಂಬುದನ್ನು ಕೇಸ್ ಶೀಟಿನಲ್ಲಿ ಬರೆಯುವವರು ಎಷ್ಟು ಮಂದಿ?

ಕಣ್ಣು ಮಂಜಾದ ದಿನ, ಕಾಲು ಜೋಮು ಹಿಡಿದ ದಿನ ನಮ್ಮ ಕಡತದಲ್ಲಿದೆ. ಅದೇ ದಿನದ ಗಾಳಿಯ ಅಳತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಡತದಲ್ಲಿದೆ. ಎರಡನ್ನೂ ಜೋಡಿಸುವ ಒಂದು ಪುಟದ ನಮೂನೆಯನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ನರರೋಗ ತಜ್ಞರೂ ಪರಿಸರ ವಿಜ್ಞಾನಿಗಳೂ ಒಟ್ಟಿಗೆ ಕುಳಿತು ಸಿದ್ಧಪಡಿಸಬೇಕೆಂದು ಕೇಳಿಕೊಳ್ಳುತ್ತೇನೆ.