ತರ್ಕಕ್ಕೆ ಇಂಗ್ಲಿಷಿನ ಹಂಗಿಲ್ಲ! ಗೆದ್ದ ಹಕ್ಕನ್ನು ಇಪ್ಪತ್ತು ನಿಮಿಷದಲ್ಲಿ ಕಳೆಯಬೇಡಿ

(ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಸಿದ್ಧರಾಗುತ್ತಿರುವ ಯುವಕ ಯುವತಿಯರ ಸಭೆಯಲ್ಲಿ ಸ್ಥಳೀಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಲಿಖಿತ ರೂಪ)



ನಾನು ಮೇಷ್ಟ್ರಲ್ಲ. ಓದಿದ್ದು ಪಿಯುಸಿ. ಹೊಟ್ಟೆಪಾಡು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಜೊತೆಗೆ ಕೋಚಿಂಗ್ ನಡೆಸುವವರ ಮಾದರಿ ಪ್ರಶ್ನೆಪತ್ರಿಕೆ. ಇವೇ ನನಗೆ ಅನ್ನ ಕೊಡುವ ಕೆಲಸಗಳು. ಆ ಪ್ರಶ್ನೆಪತ್ರಿಕೆಗಳ ಪ್ರೂಫ್ ನೋಡುತ್ತಾ ನೋಡುತ್ತಾ, ಅವುಗಳನ್ನು ಬಿಡಿಸುವ ಚಟವೂ ಹತ್ತಿತು. ಅದರಲ್ಲೂ ನೀವು ರೀಸನಿಂಗ್ ಅನ್ನುತ್ತೀರಲ್ಲ, ಆ ತರ್ಕದ ವಿಭಾಗ. ಅಷ್ಟೇ ನನ್ನ ಯೋಗ್ಯತೆ. ಅದನ್ನು ಮುಂದಿಟ್ಟುಕೊಂಡೇ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ಕೆನರಾ ಬ್ಯಾಂಕು ಹುಟ್ಟಿದ್ದೆಲ್ಲಿ? 1906ರಲ್ಲಿ, ಮಂಗಳೂರಿನಲ್ಲಿ. ಕಾರ್ಪೊರೇಷನ್ ಬ್ಯಾಂಕು? ಅದೇ 1906ರಲ್ಲಿ, ಉಡುಪಿಯಲ್ಲಿ. ಮೈಸೂರು ಬ್ಯಾಂಕು 1913ರಲ್ಲಿ, ವಿಶ್ವೇಶ್ವರಯ್ಯನವರ ಕಾಲದಲ್ಲಿ. ಸಿಂಡಿಕೇಟ್ 1925, ವಿಜಯಾ 1931. ದೇಶಕ್ಕೆ ಬ್ಯಾಂಕ್ ಕಟ್ಟಿಕೊಟ್ಟ ನಾಡು ಇದು! ಇಂದು ಆ ಹೆಸರುಗಳಲ್ಲಿ ಎಷ್ಟು ಉಳಿದಿವೆ? ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ವಿಜಯಾ 2019ರಲ್ಲಿ ಬರೋಡಾ ಬ್ಯಾಂಕಿಗೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿಹೋದವು. ಫಲಕ ಹೋಯಿತು. ಫಲಕದ ಜೊತೆ ಕೌಂಟರಿನ ಕನ್ನಡವೂ ಹೋಗಬೇಕೆ? ಅಲ್ಲಿ ಕನ್ನಡ ಉಳಿಯಬೇಕಾದರೆ ಕನ್ನಡ ಬಲ್ಲವರು ಆ ಕುರ್ಚಿಯಲ್ಲಿ ಕೂರಬೇಕು. ಕೂರುವ ದಾರಿ ಒಂದೇ: ಪರೀಕ್ಷೆ ಪಾಸಾಗುವುದು.

ಆ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಹಕ್ಕು ತಾನಾಗಿ ಮನೆಬಾಗಿಲಿಗೆ ಬರಲಿಲ್ಲ. ವರ್ಷಗಟ್ಟಲೆ ಮನವಿ, ಧರಣಿ, ಕೂಗಾಟ ನಡೆದ ಮೇಲೆ, 2019ರ ಜುಲೈನಲ್ಲಿ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಸರ್ಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಗೂ ಇದೇ ಅವಕಾಶ 2021ರ ಸೆಪ್ಟೆಂಬರಿನಲ್ಲಿ ಸಿಕ್ಕಿತು. ಸರ್ಕಾರಿ ಬ್ಯಾಂಕುಗಳ ಅಧಿಕಾರಿ ಹುದ್ದೆಯ ಪಿ.ಓ. ಪರೀಕ್ಷೆಗೆ ಇನ್ನೂ ಇಲ್ಲ; ಆ ಹೋರಾಟ ಬಾಕಿ ಇದೆ.

ಆದರೆ ಸಿಕ್ಕಿದ್ದನ್ನು ನಾವು ಏನು ಮಾಡುತ್ತಿದ್ದೇವೆ? ನನ್ನ ಪ್ರೆಸ್ಸಿಗೆ ಬರುವ ಎಷ್ಟೋ ಹುಡುಗರು ಕನ್ನಡ ಮಾಧ್ಯಮದಲ್ಲೇ ಡಿಗ್ರಿ ಮುಗಿಸಿದವರು. ಅರ್ಜಿಯಲ್ಲಿ ಭಾಷೆ ಕನ್ನಡ ಎಂದೇ ತುಂಬುತ್ತಾರೆ. ಓದುವುದು ಮಾತ್ರ ಇಂಗ್ಲಿಷ್ ಪುಸ್ತಕ, ನೋಡುವುದು ಹಿಂದಿ ವಿಡಿಯೋ. ಪರೀಕ್ಷೆಯ ದಿನ ಪರದೆಯ ಮೇಲೆ ಕನ್ನಡದ ಪ್ರಶ್ನೆ ಕಂಡಾಗ ಅದೇ ಅವರಿಗೆ ಪರಭಾಷೆ! ಎರಡು ಸಲ ಓದುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಹಕ್ಕು ದಿಲ್ಲಿಯಲ್ಲಿ ಗೆದ್ದೆವು, ಪರೀಕ್ಷಾ ಕೊಠಡಿಯಲ್ಲಿ ಕಳೆದೆವು. ಇದಕ್ಕಿಂತ ದೊಡ್ಡ ನಷ್ಟ ಬೇಕೆ?

ಲೆಕ್ಕ ಹಾಕಿ ನೋಡಿ. ಗುಮಾಸ್ತರ ಪ್ರಾಥಮಿಕ ಪರೀಕ್ಷೆಯಲ್ಲಿ ತರ್ಕದ ಪ್ರಶ್ನೆ 35, ಸಮಯ 20 ನಿಮಿಷ. ಅಂದರೆ ಒಂದು ಪ್ರಶ್ನೆಗೆ ಸುಮಾರು 34 ಸೆಕೆಂಡು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ನಾಲ್ಕು ತಪ್ಪಾದರೆ ಒಂದು ಸರಿ ಉತ್ತರ ನೀರುಪಾಲು. ಗ್ರಾಮೀಣ ಬ್ಯಾಂಕಿನ ಪ್ರಾಥಮಿಕ ಪರೀಕ್ಷೆಯಲ್ಲಂತೂ ಇರುವ 80 ಪ್ರಶ್ನೆಗಳಲ್ಲಿ 40 ತರ್ಕದ್ದೇ, ಉಳಿದ 40 ಲೆಕ್ಕದ್ದು. ಅಲ್ಲಿ ಇಂಗ್ಲಿಷಿನ ಪ್ರಶ್ನೆಯೇ ಇಲ್ಲ. ಕನ್ನಡದ ಹುಡುಗರಿಗೆ ಇದಕ್ಕಿಂತ ಸಮತಟ್ಟಾದ ಮೈದಾನ ಎಲ್ಲಿ ಸಿಕ್ಕೀತು?

‘ರೀಸನಿಂಗ್‌ಗೆ ಇಂಗ್ಲಿಷ್ ತಲೆ ಬೇಕು’ ಅನ್ನುವವರಿದ್ದಾರೆ. ಸುಳ್ಳು! 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ. ಹಳ್ಳಿ ಕಟ್ಟೆಯ ಮೇಲೆ ಹುಲಿ–ಕುರಿ ಆಟ ಆಡುವ ಅಜ್ಜ ಮೂರು ನಡೆ ಮುಂದೆ ನೋಡುತ್ತಾನೆ. ನಮ್ಮ ಅಚ್ಚಿನ ಕೆಲಸದ್ದೇ ಒಂದು ಉದಾಹರಣೆ ಹೇಳುತ್ತೇನೆ. 16 ಪುಟದ ಪುಸ್ತಿಕೆಯ ಹೊಲಿಗೆ ಬಿಚ್ಚಿ ನೋಡಿ. ಒಂದನೇ ಪುಟದ ಪಕ್ಕ ಎರಡನೆಯದಿರುವುದಿಲ್ಲ, ಹದಿನಾರನೆಯದು ಇರುತ್ತದೆ. ಎರಡರ ಪಕ್ಕ ಹದಿನೈದು. ಯಾವ ಜೋಡಿ ಕೂಡಿದರೂ 17. ಹಾಗಾದರೆ 5ನೇ ಪುಟದ ಜೋಡಿ ಯಾವುದು? 12. ಮೊಳೆ ಜೋಡಿಸುತ್ತಿದ್ದ ಹಳೆಯ ಕಂಪೋಸಿಟರುಗಳು ಇದನ್ನು ಬಾಯಲ್ಲೇ ಹೇಳುತ್ತಿದ್ದರು. ಅವರು ಯಾವ ಕಾನ್ವೆಂಟಿಗೂ ಹೋದವರಲ್ಲ. ತರ್ಕ ಎಂದರೆ ತಾಲೀಮು, ಅಷ್ಟೇ.

ಆ ತಾಲೀಮು ಕನ್ನಡದಲ್ಲಿ ಹೇಗಿರಬೇಕು? ಒಂದೊಂದಾಗಿ ಹೇಳುತ್ತೇನೆ, ಬರೆದುಕೊಳ್ಳಿ.

ಮೊದಲನೆಯದು, ಸಾಲಿನಲ್ಲಿ ಕೂರಿಸುವ ಒಗಟು. ಒಂದು ಒಗಟಿಗೆ ಸಾಮಾನ್ಯವಾಗಿ ನಾಲ್ಕೈದು ಪ್ರಶ್ನೆ ಗಂಟುಬಿದ್ದಿರುತ್ತವೆ. ಬಿಡಿಸಿದರೆ ಅಷ್ಟೂ ಅಂಕ, ಬಿಡದಿದ್ದರೆ ಅಷ್ಟೂ ಹೊತ್ತು ಹಾಳು. ನಮ್ಮ ಜಿಲ್ಲೆಯ ಆರು ತಾಲ್ಲೂಕುಗಳನ್ನೇ ಕೂರಿಸೋಣ. ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ, ನ್ಯಾಮತಿ: ಒಂದೊಂದು ಊರಿನಿಂದ ಒಬ್ಬೊಬ್ಬನಂತೆ ಆರು ಜನ ಉತ್ತರಕ್ಕೆ ಮುಖ ಮಾಡಿ ಸಾಲಾಗಿ ಕೂತಿದ್ದಾರೆ. ಹರಿಹರದವನ ಬಲಕ್ಕೆ ಎರಡನೆಯವನು ದಾವಣಗೆರೆಯವನು. ದಾವಣಗೆರೆಯವನಿಗೂ ಹೊನ್ನಾಳಿಯವನಿಗೂ ನಡುವೆ ಒಬ್ಬನಿದ್ದಾನೆ. ಹೊನ್ನಾಳಿಯವನು ಒಂದು ತುದಿಯಲ್ಲಿದ್ದಾನೆ. ಜಗಳೂರಿನವನಿಗೂ ಚನ್ನಗಿರಿಯವನಿಗೂ ನಡುವೆ ಮೂವರಿದ್ದಾರೆ. ಜಗಳೂರಿನವನು ಹೊನ್ನಾಳಿಯವನ ಪಕ್ಕದಲ್ಲಿ ಇಲ್ಲ. ನ್ಯಾಮತಿಯವನು ಎಲ್ಲಿ?

ಹೇಳಿಕೆ ಬಂದ ಕ್ರಮದಲ್ಲೇ ಶುರು ಮಾಡಬೇಡಿ. ಗಟ್ಟಿಯಾದ ಜಾಗ ಹೇಳುವ ಮಾತನ್ನು ಹುಡುಕಿ. ಇಲ್ಲಿ ‘ಹೊನ್ನಾಳಿಯವನು ತುದಿಯಲ್ಲಿ’ ಎಂಬುದೇ ಗೂಟ. ಎಡದಿಂದ ಒಂದರಿಂದ ಆರು ಎಂದು ಜಾಗ ಬರೆಯಿರಿ. ಹೊನ್ನಾಳಿ ಒಂದರಲ್ಲಿದ್ದರೆ ದಾವಣಗೆರೆ ಮೂರರಲ್ಲಿ; ಆಗ ಹರಿಹರಕ್ಕೂ ಒಂದನೆಯ ಜಾಗವೇ ಬೇಕು. ಒಂದೇ ಕುರ್ಚಿಗೆ ಇಬ್ಬರು! ಆಗದು, ಹೊಡೆದುಹಾಕಿ. ಹಾಗಾಗಿ ಹೊನ್ನಾಳಿ ಆರು, ದಾವಣಗೆರೆ ನಾಲ್ಕು, ಹರಿಹರ ಎರಡು. ಉಳಿದದ್ದು ಒಂದು, ಮೂರು, ಐದು. ನಡುವೆ ಮೂವರು ಬೇಕಾದರೆ ಜಗಳೂರು, ಚನ್ನಗಿರಿ ಎರಡೂ ಒಂದು ಮತ್ತು ಐದರಲ್ಲೇ ಇರಬೇಕು. ಜಗಳೂರು ಹೊನ್ನಾಳಿಯ ಪಕ್ಕ ಇರಬಾರದಾದ್ದರಿಂದ ಅದು ಒಂದರಲ್ಲಿ, ಚನ್ನಗಿರಿ ಐದರಲ್ಲಿ. ನ್ಯಾಮತಿ ಮೂರರಲ್ಲಿ. ಮುಗಿಯಿತು. ಒಂದು ಇಂಗ್ಲಿಷ್ ಪದ ಬೇಕಾಯಿತೇ?

ಇಲ್ಲೊಂದು ಕನ್ನಡದ ಗುಟ್ಟಿದೆ. ‘ಹರಿಹರದವನ ಬಲಕ್ಕೆ ಎರಡನೆಯವನು’ ಎಂದರೆ ಎಣಿಕೆ ಶುರುವಾಗುವುದು ಹರಿಹರದವನಿಂದ. ಯಾವ ಹೆಸರಿಗೆ ‘ನ’, ‘ಯ’ ಎಂಬ ಷಷ್ಠಿಯ ಬಾಲ ಅಂಟಿದೆಯೋ ಅವನ ಜಾಗದಲ್ಲಿ ಬೆರಳಿಟ್ಟು ಎಣಿಸಿ. ಎಡ ಬಲ ಅದಲುಬದಲಾಗುವುದು ನಿಲ್ಲುತ್ತದೆ. ಸಾಲು ದಕ್ಷಿಣಕ್ಕೆ ಮುಖ ಮಾಡಿದ್ದರೆ ಅವರ ಎಡ ನಿಮ್ಮ ಹಾಳೆಯ ಬಲ. ಎದುರುಬದುರು ಕೂತು ಊಟ ಬಡಿಸಿಕೊಂಡಂತೆ.

ಎರಡನೆಯದು, ದುಂಡು ಮೇಜಿನ ಒಗಟು. ಒಳಮುಖವಾಗಿ ಕೂತವರ ಎಡ ಯಾವ ಕಡೆ ಎಂದು ತಡವರಿಸುತ್ತೀರಲ್ಲ, ಹರಿಹರೇಶ್ವರನ ಗುಡಿ ನೆನೆಸಿಕೊಳ್ಳಿ. ದೇವರಿಗೆ ಮುಖ ಮಾಡಿ ನಿಂತವನು ಪ್ರದಕ್ಷಿಣೆ ಶುರು ಮಾಡುವುದು ತನ್ನ ಎಡಕ್ಕೆ. ಅದೇ ಗಡಿಯಾರದ ಮುಳ್ಳಿನ ದಿಕ್ಕು. ಒಳಮುಖವಾದರೆ ಎಡವೆಂದರೆ ಪ್ರದಕ್ಷಿಣೆ. ಹೊರಮುಖವಾದರೆ ಎಡವೆಂದರೆ ಅಪ್ರದಕ್ಷಿಣೆ. ಸಾಯುವ ತನಕ ಮರೆಯುವುದಿಲ್ಲ.

ಮೂರನೆಯದು, ಹೋಲಿಕೆ. ‘ರಾಮನಿಗಿಂತ ಭೀಮ ಎತ್ತರ’, ‘ಭೀಮ ರಾಮನಿಗಿಂತ ಎತ್ತರ’. ಹೆಸರು ಹಿಂದೆ ಮುಂದೆ ಆದರೂ ಅರ್ಥ ಒಂದೇ. ಆದ್ದರಿಂದ ಹೆಸರಿನ ಕ್ರಮ ನೋಡಬೇಡಿ, ‘ಗಿಂತ’ ಯಾರಿಗೆ ಅಂಟಿದೆ ನೋಡಿ. ಅವನು ಅಳತೆಗೋಲು. ಇನ್ನೊಬ್ಬ ಹೇಗೆ ಎಂಬುದನ್ನು ಕೊನೆಯ ಪದ ಹೇಳುತ್ತದೆ. ಕನ್ನಡ ವಾಕ್ಯದ ಜೀವ ಕೊನೆಯಲ್ಲಿರುತ್ತದೆ. ‘ಭೀಮ ರಾಮನಿಗಿಂತ ಎತ್ತರವಲ್ಲ’ ಎಂದರೆ ಭೀಮ ಕುಳ್ಳ ಎಂದು ಹಾರಬೇಡಿ. ಇಬ್ಬರೂ ಸಮ ಇರಬಹುದು. ಆ ‘ಅಲ್ಲ’ವನ್ನು ನುಂಗಿ ಓದಿದವರು ಅಂಕವನ್ನೂ ನುಂಗಿದಂತೆ!

ನಾಲ್ಕನೆಯದು, ಹೇಳಿಕೆ ಮತ್ತು ತೀರ್ಮಾನ. ‘ಕೆಲವು ಹುಡುಗರು ಬಂದರು’ ಎಂದರೆ ಮನೆಯಲ್ಲಿ ನಾವು ‘ಎಲ್ಲರೂ ಬರಲಿಲ್ಲ’ ಎಂದು ತಿಳಿಯುತ್ತೇವೆ. ಪರೀಕ್ಷೆಯಲ್ಲಿ ಹಾಗಲ್ಲ. ಅಲ್ಲಿ ‘ಕೆಲವು’ ಎಂದರೆ ಕನಿಷ್ಠ ಒಂದು; ಎಲ್ಲವೂ ಇರಬಹುದು. ‘ಕೆಲವು ಮಾತ್ರ’ ಎಂದಾಗಷ್ಟೇ ಉಳಿದವು ಹೊರಗೆ. ಒಂದು ‘ಮಾತ್ರ’ದಲ್ಲಿ ಉತ್ತರವೇ ಬದಲು. ನಮ್ಮೂರಿನ ಉದಾಹರಣೆ: ಎಲ್ಲಾ ದೋಸೆಗಳು ಬೆಣ್ಣೆ. ಕೆಲವು ಬೆಣ್ಣೆ ಮಂಡಕ್ಕಿ. ಹಾಗಾದರೆ ಕೆಲವು ದೋಸೆ ಮಂಡಕ್ಕಿಯೇ? ನಗಬೇಡಿ, ಇಂಥವೇ ಬರುವುದು. ಬೆಣ್ಣೆಯ ದೊಡ್ಡ ವೃತ್ತದೊಳಗೆ ದೋಸೆಯ ವೃತ್ತ ಹಾಕಿ. ಮಂಡಕ್ಕಿಯ ವೃತ್ತ ಬೆಣ್ಣೆಯನ್ನು ಮುಟ್ಟಬೇಕು, ದೋಸೆಯನ್ನು ಮುಟ್ಟಲೇಬೇಕೆಂದಿಲ್ಲ. ಆದ್ದರಿಂದ ಆ ತೀರ್ಮಾನ ಬರುವುದಿಲ್ಲ. ‘ಕೆಲವು ದೋಸೆ ಮಂಡಕ್ಕಿ ಆಗಿರಬಹುದು’ ಎಂದು ಕೇಳಿದರೆ ಮಾತ್ರ ಹೌದು.

ಐದನೆಯದು, ರಕ್ತಸಂಬಂಧ. ಇಲ್ಲಿ ಕನ್ನಡವೇ ನಮ್ಮ ಬಲ. ಇಂಗ್ಲಿಷಿನವರಿಗೆ ಆಂಟಿ ಎಂಬ ಒಂದೇ ಪದ. ನಮಗೆ ಚಿಕ್ಕಮ್ಮ ಬೇರೆ, ದೊಡ್ಡಮ್ಮ ಬೇರೆ, ಸೋದರತ್ತೆ ಬೇರೆ. ‘ಈಕೆಯ ತಾಯಿಗೆ ಇರುವ ಒಬ್ಬನೇ ಮಗ ನನ್ನ ತಂದೆ’ ಎಂದು ಒಬ್ಬ ಹೇಳಿದರೆ ಆಕೆ ಅವನಿಗೇನು? ಅಪ್ಪನ ಒಡಹುಟ್ಟಿದವಳು, ಸೋದರತ್ತೆ. ಎಚ್ಚರ ಒಂದು ಕಡೆ ಬೇಕು. ಸೋದರಮಾವನ ಮಗಳನ್ನು ತಂದುಕೊಳ್ಳುವ ಪದ್ಧತಿ ನಮ್ಮಲ್ಲಿರುವುದರಿಂದ ‘ಮಾವ’ ಎಂದರೆ ತಾಯಿಯ ತಮ್ಮನೂ ಹೌದು, ಹೆಂಡತಿಯ ತಂದೆಯೂ ಹೌದು. ಪ್ರಶ್ನೆಯಲ್ಲಿ ಹೇಳಿದ ನಂಟನ್ನಷ್ಟೇ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿ. ನಿಮ್ಮ ಮನೆಯ ನಂಟಸ್ತಿಕೆ ಒಳಗೆ ತರಬೇಡಿ.

ಇನ್ನು 20 ನಿಮಿಷ ಹಂಚುವುದು. ಮೊದಲ ಏಳೆಂಟು ನಿಮಿಷ ಬಿಡಿ ಪ್ರಶ್ನೆಗಳಿಗೆ: ಹೋಲಿಕೆ, ತೀರ್ಮಾನ, ದಿಕ್ಕು, ಸಂಬಂಧ, ಅಕ್ಷರ ಸರಣಿ. ಉಳಿದದ್ದು ಒಗಟುಗಳಿಗೆ. ಎಲ್ಲಾ ಒಗಟುಗಳನ್ನೂ ಒಮ್ಮೆ ಕಣ್ಣಾಡಿಸಿ, ಗೂಟ ಬೇಗ ಕಾಣುವುದನ್ನು ಮೊದಲು ಹಿಡಿಯಿರಿ. ಮೂರು ನಿಮಿಷದಲ್ಲಿ ಬಗ್ಗದಿದ್ದರೆ ಬಿಟ್ಟು ಮುಂದೆ ಹೋಗಿ. ಹಟ ಹೋರಾಟಕ್ಕೆ ಇರಲಿ, ಒಗಟಿಗೆ ಬೇಡ.

ಬಂಧುಗಳೇ, ಕೌಂಟರಿನ ಆಚೆ ನಿಂತವರನ್ನು ನೆನೆಸಿಕೊಳ್ಳಿ. ಪಿಂಚಣಿ ಬಂತೋ ಇಲ್ಲವೋ ಎಂದು ಕೇಳಲು ಬಂದ ಅಜ್ಜಿ, ಬೆಳೆ ಸಾಲದ ಕಾಗದ ಹಿಡಿದ ರೈತ. ಅವರು ಕೇಳುವುದು ದೊಡ್ಡ ಉಪಕಾರವನ್ನಲ್ಲ, ತಮಗೆ ತಿಳಿಯುವ ಮಾತಿನಲ್ಲಿ ಒಂದು ಉತ್ತರ. 2025ರ ಮೇ 1ರಿಂದ ರಾಜ್ಯಕ್ಕೆಲ್ಲಾ ಒಂದೇ ಗ್ರಾಮೀಣ ಬ್ಯಾಂಕು, ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕು. ಅದರ ಕುರ್ಚಿಗಳಲ್ಲಿ ಯಾರು ಕೂರಬೇಕು? ‘ಅನ್ಯರು ಬಂದರು’ ಎಂದು ಕೂಗುವುದು ಸುಲಭ. ಕೂಗಬೇಕಾದಾಗ ಕೂಗೋಣ, ನಾನೂ ಜೊತೆಗಿರುತ್ತೇನೆ. ಆದರೆ ಪರೀಕ್ಷೆ ಬರೆದು ಬಂದವನ ಮೇಲೆ ಸಿಟ್ಟೇಕೆ? ಬರೆಯದೆ, ಇಲ್ಲವೇ ತಯಾರಾಗದೆ ಬರೆದು ಕುರ್ಚಿ ಬಿಟ್ಟುಕೊಟ್ಟವರು ನಾವು.

ಕನ್ನಡದಲ್ಲಿ ಅಭ್ಯಾಸದ ಪುಸ್ತಕ ಸಾಲದು ಎನ್ನುತ್ತೀರಿ. ನಿಜ. ಹಾಗಾದರೆ ಮಾಡಿಕೊಳ್ಳೋಣ. ಆರು ಆರು ಜನರ ಗುಂಪು ಕಟ್ಟಿ. ಪ್ರತಿಯೊಬ್ಬರೂ ವಾರಕ್ಕೆ ಆರು ಪ್ರಶ್ನೆ ಕನ್ನಡದಲ್ಲೇ ಬರೆದು ತನ್ನಿ, ಉತ್ತರದ ಸಮೇತ. ಒಬ್ಬರದನ್ನು ಇನ್ನೊಬ್ಬರು ಬಿಡಿಸಿ ತಪ್ಪು ಹುಡುಕಿ. ವಾರಕ್ಕೆ 36 ಪ್ರಶ್ನೆ ಆಯಿತು, ಒಂದು ಪರೀಕ್ಷೆಗಿಂತ ಒಂದು ಹೆಚ್ಚೇ! ಪ್ರಶ್ನೆ ಬಿಡಿಸುವವನಿಗಿಂತ ಪ್ರಶ್ನೆ ಕಟ್ಟುವವನಿಗೆ ತರ್ಕ ಬೇಗ ಒಲಿಯುತ್ತದೆ. ತಿದ್ದಿದ ಪ್ರತಿಯನ್ನು ನನ್ನ ಪ್ರೆಸ್ಸಿಗೆ ತನ್ನಿ. ಕಾಗದದ ಖರ್ಚು ಹಾಕಿ, ಅಚ್ಚಿನ ಕೂಲಿ ನನ್ನದು. ಹರಿಹರಕ್ಕೂ ಜಗಳೂರಿಗೂ ಬಸ್ಸಿನಲ್ಲಿ ಕಳಿಸೋಣ.

ಮುಂದಿನ ಭಾನುವಾರ ಬೆಳಿಗ್ಗೆ ಇದೇ ಜಾಗಕ್ಕೆ ಬನ್ನಿ. ಬರುವಾಗ ಒಂದು ಗಡಿಯಾರ, ಒಂದು ಪೆನ್ಸಿಲ್, ನೀವೇ ಬರೆದ ಆರು ಪ್ರಶ್ನೆ. ಬರಿಗೈಯಲ್ಲಿ ಬರಬೇಡಿ.

ಸಿರಿಗನ್ನಡಂ ಗೆಲ್ಗೆ!