ಪ್ರಶ್ನೆ ಓದಿ ಉತ್ತರಿಸುವ ಯಂತ್ರ
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಹಾಜರಿ ಬರೆಯುವ ಗುಮಾಸ್ತನೊಬ್ಬ ಕಂಪ್ಯೂಟರಿನ ಮಾತನ್ನೇಕೆ ಎತ್ತಿದನೆಂದು ತಮಗೆ ಅನ್ನಿಸಬಹುದು. ನಮ್ಮ ಹುಡುಗರಲ್ಲಿ ಕೆಲವರು ಈಗ ಕಂಪ್ಯೂಟರ್ ಜಾಲ ಕಾಯುವ ರಾತ್ರಿ ಪಾಳಿಗೆ ಹೋಗುತ್ತಿದ್ದಾರೆ. ಅವರಿಗೆ ಉಪಯೋಗವಾಗಲೆಂದೇ ಈ ನಾಲ್ಕು ಮಾತು.

ಆ ಕೆಲಸದಲ್ಲಿ ರೌಟರ್, ಸ್ವಿಚ್ ಎಂಬ ಪೆಟ್ಟಿಗೆಗಳಿರುತ್ತವೆ. ಒಂದು ಕಚೇರಿಯ ಕಂಪ್ಯೂಟರಿನ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುವ ಅಂಚೆಕಟ್ಟೆಗಳಿದ್ದಂತೆ ಅವು. ಆಜ್ಞೆ ಕೊಡಲು ಹೋದರೆ ಅವು ತಿರುಗಿ ಪ್ರಶ್ನೆ ಕೇಳುತ್ತವೆ: ಹೆಸರೇನು? ಗುಪ್ತಪದವೇನು? ಉಳಿಸಲೋ, ಬೇಡವೋ? ಒಂದೇ ಪೆಟ್ಟಿಗೆಯಾದರೆ ಕೈಯಿಂದ ಉತ್ತರ ಕೊಡಬಹುದು. ಒಂದೇ ರಾತ್ರಿ ಇನ್ನೂರು ಪೆಟ್ಟಿಗೆಗಳಿದ್ದರೆ? ಆಗ ಉತ್ತರಿಸುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸಬೇಕಾಗುತ್ತದೆ.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಡಾನ್ ಲಿಬೆಸ್ ಎಂಬವರು 1990ರಲ್ಲಿ ಇದಕ್ಕಾಗಿ ‘ಎಕ್ಸ್‌ಪೆಕ್ಟ್’ ಎಂಬ ಸಾಧನವನ್ನು ಮುಂದಿಟ್ಟರು. ‘ನಿರೀಕ್ಷಿಸು’ ಎಂದು ಅದರ ಅರ್ಥ. ಅದರ ನಡೆ ಎರಡೇ ಹೆಜ್ಜೆ: ಇಂಥ ಮಾತು ಬರುವವರೆಗೆ ಕಾಯುವುದು; ಬಂದೊಡನೆ ಇಂಥ ಉತ್ತರ ಕಳುಹಿಸುವುದು.

‘ಇಂಥ ಮಾತು’ ಎಂದು ಯಂತ್ರಕ್ಕೆ ತಿಳಿಸುವುದು ಹೇಗೆ? ಟಿಕೆಟ್ ಕಿಟಕಿಯಲ್ಲಿ ‘ಕುಠೇ?’ ಎಂದರೂ ‘ಕಹಾಂ?’ ಎಂದರೂ ನಾವು ‘ದಾದರ್’ ಎನ್ನುತ್ತೇವೆ. ಯಂತ್ರಕ್ಕೆ ಅಷ್ಟು ತಿಳಿವಳಿಕೆಯಿಲ್ಲ. ಅದಕ್ಕೆ ಅಕ್ಷರಗಳ ಮಾದರಿಯನ್ನು ಬರೆದುಕೊಡಬೇಕು. ಇದನ್ನೇ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎನ್ನುತ್ತಾರೆ. ಗಣಿತಜ್ಞ ಸ್ಟೀಫನ್ ಕ್ಲೇನಿ 1950ರ ದಶಕದಲ್ಲಿ ಇದರ ತಳಹದಿ ಹಾಕಿದರು; ಕಂಪ್ಯೂಟರಿನಲ್ಲಿ ಬರಹ ಹುಡುಕಲು ಇದನ್ನು ಬಳಸುವ ಬಗೆಯನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು.

ನಮ್ಮ ಊರನ್ನೇ ತೆಗೆದುಕೊಳ್ಳಿ. ಕೆಲವರು ವಿಕ್ರೋಳಿ ಎಂದೂ ಕೆಲವರು ವಿಖ್ರೋಳಿ ಎಂದೂ ಬರೆಯುತ್ತಾರೆ. ವಿ(ಕ್ರೋ|ಖ್ರೋ)ಳಿ ಎಂದು ಮಾದರಿ ಕೊಟ್ಟರೆ ಎರಡೂ ಸಿಕ್ಕುತ್ತವೆ. ನಡುವಿನ ಗೀಟಿಗೆ ‘ಅಥವಾ’ ಎಂದರ್ಥ. ಹಾಗೆಯೇ ಚುಕ್ಕೆಯೆಂದರೆ ಯಾವುದಾದರೂ ಒಂದು ಅಕ್ಷರ; $ ಎಂದರೆ ‘ಇಲ್ಲಿಗೆ ಕೊನೆ’. 1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಟೆಲಿಫೋನ್ ತಂತಿಯ ಮೂಲಕವೇ ಜಾಲ ಸೇರಬೇಕಿತ್ತು. ಅಂಥ ಸಂಪರ್ಕಕ್ಕೆ ಬರೆಯುತ್ತಿದ್ದ ಆಜ್ಞಾಪತ್ರಗಳಲ್ಲಿ ಒಂದು ಜಾಣ್ಮೆಯಿತ್ತು. ‘ಲಾಗಿನ್’ ಎಂಬ ಇಂಗ್ಲಿಷ್ ಪದದ ಮೊದಲಕ್ಷರ ಒಂದೆಡೆ ದೊಡ್ಡದು, ಇನ್ನೊಂದೆಡೆ ಚಿಕ್ಕದು. ಆದುದರಿಂದ ಮೊದಲಕ್ಷರವನ್ನೇ ಬಿಟ್ಟು ಉಳಿದ ಭಾಗಕ್ಕೆ ಕಾಯುತ್ತಿದ್ದರು.

ಇನ್ನು ಅಪಾಯಗಳ ಮಾತು. ಸಿಸ್ಕೋ ರೌಟರಿನಲ್ಲಿ ಸಾಲಿನ ಕೊನೆಗೆ > ಬಂದರೆ ಸಾಮಾನ್ಯ ಪ್ರವೇಶ, # ಬಂದರೆ ಅಧಿಕಾರದ ಪ್ರವೇಶ. ಬರೇ # ಎಂದು ಕಾಯಲು ಹೇಳಿದರೆ, ಸ್ವಾಗತದ ಬರಹದಲ್ಲಿ ಅಲಂಕಾರಕ್ಕೆ ಹಾಕಿದ # ಕಂಡು ಯಂತ್ರ ಮೋಸಹೋಗುತ್ತದೆ. ಪೆಟ್ಟಿಗೆಯ ಹೆಸರು ಸೇರಿಸಿ, ಕೊನೆಗೆ #$ ಎಂದು ಬರೆಯುವುದು ಕ್ಷೇಮ.

ಎರಡನೆಯದು ಇನ್ನೂ ದೊಡ್ಡದು. ‘ಪುನಃ ಪ್ರಾರಂಭಿಸು’ ಎಂದು ಆಜ್ಞೆ ಕೊಟ್ಟಾಗ, ಮಾಡಿದ ಬದಲಾವಣೆ ಉಳಿಸಿರದಿದ್ದರೆ ಅದೇ ರೌಟರ್ ಮೊದಲು ‘ಉಳಿಸಲೇ?’ ಎಂದು ಕೇಳಿ, ಆಮೇಲೆ ‘ಮುಂದುವರಿಯಲೇ?’ ಎನ್ನುತ್ತದೆ. ಉಳಿಸಿದ್ದರೆ ಎರಡನೆಯದನ್ನು ಮಾತ್ರ ಕೇಳುತ್ತದೆ. ಪ್ರಶ್ನೆ ಓದದೆ ಉತ್ತರಗಳನ್ನು ಸಾಲಾಗಿ ಒಪ್ಪಿಸುವ ಯಂತ್ರವು ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಡುತ್ತದೆ. ಎರಡು ಮಾದರಿಗಳನ್ನೂ ಒಟ್ಟಿಗೆ ಕಾಯಲು ಹೇಳಿ, ಬಂದದ್ದಕ್ಕೆ ತಕ್ಕ ಉತ್ತರ ಕೊಡಿಸಬೇಕು.

ಮೂರನೆಯದು, ಗುರುತಿಲ್ಲದ ಪ್ರಶ್ನೆ. ಬೇರೆ ಅವಧಿ ಹೇಳದಿದ್ದರೆ ಎಕ್ಸ್‌ಪೆಕ್ಟ್ 10 ಸೆಕೆಂಡು ಕಾಯುತ್ತದೆ. ಏನು ಮಾಡಬೇಕೆಂದು ಬರೆದಿಡದಿದ್ದರೆ ಸುಮ್ಮನೆ ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ‘ತಿಳಿಯದಿದ್ದರೆ ನಿಲ್ಲು, ಮನುಷ್ಯನನ್ನು ಕರೆ’ ಎಂಬ ಸಾಲನ್ನು ತಪ್ಪದೆ ಬರೆಯಿರಿ. ಏನು ಕೇಳಿದರೂ ‘ಹೂಂ’ ಎನ್ನುವ ಮಾದರಿಯನ್ನು ಎಂದೂ ಬರೆಯಬೇಡಿ. ಗುಪ್ತಪದವನ್ನು ಆಜ್ಞಾಪತ್ರದಲ್ಲೇ ಬರೆದಿಡುವುದೂ ಬೇಡ.

ಬಂಧುಗಳೇ, ಜಾಲ ನಿಂತರೆ ಬ್ಯಾಂಕಿನ ಹಣ, ಆಸ್ಪತ್ರೆಯ ಕಾಗದಪತ್ರ ಎಲ್ಲವೂ ನಿಲ್ಲುತ್ತವೆ. ಬೆಳಗ್ಗೆ ಕರೆಸಿ ಕೇಳುವುದು ಯಂತ್ರವನ್ನಲ್ಲ, ಪಾಳಿಯಲ್ಲಿದ್ದ ಹುಡುಗನನ್ನು. ಅವನ ಸಂಬಳ ಕಾಯುವ ಮನೆ ಊರಿನಲ್ಲಿರುತ್ತದೆ. ಆದುದರಿಂದ ತರುಣರು ಪೆಟ್ಟಿಗೆ ಕೇಳುವ ಒಂದೊಂದು ಪ್ರಶ್ನೆಯನ್ನೂ ಇದ್ದ ಹಾಗೆಯೇ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಲಿ. ಮೊದಲು ಒಂದು ಪೆಟ್ಟಿಗೆಯ ಮೇಲೆ ಪರೀಕ್ಷಿಸಿ, ಆಮೇಲೆ ಇನ್ನೂರಕ್ಕೆ ಕೈಹಾಕಲಿ. ಇದಕ್ಕೆ ದೊಡ್ಡ ಪದವಿ ಬೇಡ, ಕಣ್ಣಿಟ್ಟು ಓದುವ ಅಭ್ಯಾಸ ಸಾಕು. ಆ ಅಭ್ಯಾಸಕ್ಕೆ ಈ ವಾಚನಾಲಯದ ಬಾಗಿಲು ತೆರೆದೇ ಇದೆ.