ತಗಡಿನ ಶೆಡ್ಡು ಕಟ್ಟಿಸುವ ಮೊದಲು

(ಮಲ್ಲಟದಲ್ಲಿ ಸುತ್ತಲಿನ ಊರುಗಳ ರೈತರೂ ಕುಶಲಕರ್ಮಿಗಳೂ ಕೂಡಿದ್ದ ಸಭೆಯಲ್ಲಿ, ಟ್ರ್ಯಾಕ್ಟರ್ ರಿಪೇರಿಯ ವರ್ಕ್‌ಶಾಪ್ ನಡೆಸುವ ಒಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಟ್ರ್ಯಾಕ್ಟರು, ಕೂರಿಗೆ, ಔಷಧಿ ಹೊಡೆಯುವ ಪಂಪು ಇವುಗಳನ್ನು ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ಗುತ್ತೇದಾರನಿಂದ ತಗಡಿನ ಶೆಡ್ಡು ಕಟ್ಟಿಸಿದವರ ಅನುಭವವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ಈ ವಿಷಯದಲ್ಲಿ ಇಲ್ಲಿರುವವರಲ್ಲಿ ಹೆಚ್ಚು ದಂಡ ತೆತ್ತವನು ನಾನೇ ಇರಬೇಕು. ಆದುದರಿಂದ ಮಾತನಾಡಲು ಒಪ್ಪಿಕೊಂಡೆ.

ನಮ್ಮ ತಂದೆಯವರ ಕಾಲದಲ್ಲಿ ಕಮ್ಮಾರನ ಕುಲುಮೆ ಬೇವಿನ ಗಿಡದ ನೆರಳಿನಲ್ಲಿ ನಡೆಯುತ್ತಿತ್ತು. ಕಾಳುಕಡಿ ಮಾಳಿಗೆ ಮನೆಯೊಳಗೇ ಇರುತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ ಸೀಮೆಗೆ ಬಂತು. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆಯ ನೀರು ದೇವದುರ್ಗದ ಕಡೆಗೂ ಹರಿಯಿತು. ನೆಲ್ಲು, ಹತ್ತಿ, ಮೆಣಸಿನಕಾಯಿ ಹೆಚ್ಚಿದವು. ಟ್ರ್ಯಾಕ್ಟರು ಬಂದವು, ಕೊಯ್ಲಿನ ಯಂತ್ರ ಬಂದವು. ಇವೆಲ್ಲಕ್ಕೂ ನೆರಳು ಬೇಕಾಯಿತು. ಈಗ ಮಾನ್ವಿಯಿಂದ ಸಿರವಾರದವರೆಗೆ ರಸ್ತೆಯ ಎರಡೂ ಬದಿ ನೋಡಿರಿ, ಎಷ್ಟೊಂದು ತಗಡಿನ ಶೆಡ್ಡುಗಳು! ಬೇಗ ಏಳುತ್ತವೆ, ಅಗಲವಾದ ಜಾಗ ಸಿಗುತ್ತದೆ, ಬೇಕಾದರೆ ಬಿಚ್ಚಿ ಬೇರೆ ಕಡೆಗೆ ಒಯ್ಯಬಹುದು. ಶೆಡ್ಡು ಒಳ್ಳೆಯ ವಸ್ತುವೇ. ಕಟ್ಟಿಸುವ ಕ್ರಮದಲ್ಲಿ ನಾವು ತಪ್ಪುತ್ತೇವೆ.

ನನ್ನ ಸಂಗತಿಯನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ 30 ಅಡಿಗೆ 40 ಅಡಿ ಅಳತೆಯ ಶೆಡ್ಡನ್ನು ನಾಲ್ಕು ಲಕ್ಷ ರೂಪಾಯಿಗೆ ಒಬ್ಬ ಗುತ್ತೇದಾರನಿಗೆ ಒಪ್ಪಿಸಿದೆ. ಹೆಸರು ಹೇಳುವುದಿಲ್ಲ, ಹೆಸರಿನಿಂದ ಇಂದು ಪ್ರಯೋಜನವೂ ಇಲ್ಲ. ಮಾತು ಬಾಯಲ್ಲೇ ಆಯಿತು. ಕಾಗದವಿಲ್ಲ, ರಸೀದಿಯಿಲ್ಲ. ತಗಡು ಏರುವ ಮೊದಲೇ ಮೂರೂವರೆ ಲಕ್ಷ ಅವನ ಕೈ ಸೇರಿತ್ತು. ಮೊದಲನೆಯ ಮಳೆಗೇ ಬೋಲ್ಟಿನ ತೂತುಗಳಲ್ಲಿ ನೀರು ಸೋರಿತು. ಕಂಬಕ್ಕೆ ಕೈಯಿಟ್ಟು ನೂಕಿದರೆ ಅಲುಗುತ್ತಿತ್ತು. ಫೋನು ಮಾಡಿದಾಗಲೆಲ್ಲ, "ಮುಂದಿನ ವಾರ ಬರ್ತೀನ್ರಿ" ಎಂಬ ಒಂದೇ ಉತ್ತರ.

ಇಲ್ಲಿಯವರೆಗೆ ತಪ್ಪು ಅವನದು. ಮುಂದಿನದು ನನ್ನದು. ಆ ದಿನಗಳಲ್ಲೇ ಪಕ್ಕದ ಊರಿನ ಒಬ್ಬ ತಂಗಿ, ಗಂಡನನ್ನು ಕಳೆದುಕೊಂಡವಳು, ಹಿಟ್ಟಿನ ಗಿರಣಿಗೆ ಶೆಡ್ಡು ಹಾಕಿಸಬೇಕೆಂದು ನನ್ನನ್ನು ಕೇಳಲು ಬಂದಳು. "ಅಣ್ಣಾ, ಆ ಗುತ್ತೇದಾರ ನಮ್ಮಲ್ಲಿಗೂ ಬಂದಾನ. ನಿಮ್ಮ ಶೆಡ್ಡು ಹೆಂಗೈತ್ರಿ?" ಎಂದಳು. ನಾಲ್ಕು ಜನರ ಮುಂದೆ ಮೋಸಹೋದೆನೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು. ಮೆಕ್ಯಾನಿಕ್ ಆದವನೇ ಮೋಸಹೋದ ಎಂದು ಜನ ನಗುವರೆಂಬ ಅಂಜಿಕೆ. "ಛಲೋ ಐತವ್ವಾ, ಕಟ್ಟಿಸು" ಎಂದುಬಿಟ್ಟೆ. ಆಕೆ ಐವತ್ತು ಸಾವಿರ ಮುಂಗಡ ಕೊಟ್ಟಳು. ನಾಲ್ಕು ಕಂಬ ನಿಂತವು, ಗುತ್ತೇದಾರ ಮತ್ತೆ ಬರಲಿಲ್ಲ.

ಮರುವರ್ಷ ಬೇಸಿಗೆಯ ಕೊನೆಯಲ್ಲಿ ಒಂದು ಸಂಜೆ ಗಾಳಿ ಎದ್ದಿತು. ನಮ್ಮ ಭಾಗದಲ್ಲಿ ಮುಂಗಾರಿಗೆ ಮುಂಚೆ ಬರುವ ಗಾಳಿಯನ್ನು ನೀವೆಲ್ಲ ಬಲ್ಲಿರಿ. ನನ್ನ ಶೆಡ್ಡಿನ ಅರ್ಧ ಮೇಲ್ಭಾಗ ಕಿತ್ತು ಹಾರಿತು. ಒಂದು ತಗಡು ಪಕ್ಕದವರ ಎತ್ತಿನ ಕಾಲನ್ನು ಕೊಯ್ದಿತು. ಅಂದು ಅಮಾವಾಸ್ಯೆ, ಕೆಲಸಕ್ಕೆ ರಜೆ. ಬೇರೆ ದಿನವಾಗಿದ್ದರೆ ನನ್ನ ಹತ್ತಿರ ಕೆಲಸ ಕಲಿಯುವ ಇಬ್ಬರು ಹುಡುಗರು ಆ ಹೊತ್ತಿಗೆ ಅದರ ಕೆಳಗೇ ಇರುತ್ತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ನಿದ್ದೆ ಹತ್ತುವುದಿಲ್ಲ.

ಆ ಮೇಲೆ ಮಾಡಿದ ಕೆಲಸವನ್ನು ನಾನು ಮೊದಲೇ ಮಾಡಬೇಕಾಗಿತ್ತು. ಬಿದ್ದ ತಗಡನ್ನೂ ಕೊಳವೆಯನ್ನೂ ಅಳೆದು ನೋಡಿದೆ. ಇತರರ ಯಂತ್ರದ ಶಾಫ್ಟುಗಳನ್ನು ದಿನವೂ ಅಳೆಯುವ ವರ್ನಿಯರು ನನ್ನ ಪೆಟ್ಟಿಗೆಯಲ್ಲೇ ಇತ್ತು. ನನ್ನ ತಲೆಯ ಮೇಲೆ ಬರುವ ತಗಡಿಗೆ ಅದನ್ನು ಒಮ್ಮೆಯೂ ಇಟ್ಟಿರಲಿಲ್ಲ. ಅರ್ಧ ಮಿಲಿಮೀಟರ್ ಎಂದು ಹೇಳಿ ಕೊಟ್ಟ ತಗಡು 0.35 ಮಿಲಿಮೀಟರ್ ಮಾತ್ರ ಇತ್ತು.

ಬಾಂಧವರೇ, ಮಡಿಕೆ ಬಿದ್ದ ತಗಡು ತೆಳುವಾಗಿದ್ದರೂ ಗಟ್ಟಿಯಾಗಿ ತೋರುತ್ತದೆ. ಲಂಡನ್ನಿನ ಹೆನ್ರಿ ಪಾಮರ್ ಎಂಬ ಇಂಜಿನಿಯರು 1829ರಲ್ಲಿ ಮಡಿಕೆ ತಗಡಿಗೆ ಪೇಟೆಂಟ್ ಪಡೆದದ್ದು ಈ ಗುಣದಿಂದಲೇ. ಆದುದರಿಂದ ಕಣ್ಣನ್ನು ನಂಬಬೇಡಿರಿ, ತಕ್ಕಡಿಯನ್ನು ನಂಬಿರಿ. ಮಡಿಕೆ ಬಿಡಿಸಿ ಹರಡಿದ ಲೆಕ್ಕದಲ್ಲಿ ಅರ್ಧ ಮಿಲಿಮೀಟರ್ ಉಕ್ಕಿನ ತಗಡು 100 ಚದರ ಮೀಟರಿಗೆ ಸುಮಾರು 392 ಕಿಲೋ ತೂಗುತ್ತದೆ, 0.35ರ ತಗಡು ಸುಮಾರು 275 ಕಿಲೋ. ನಡುವಿನ 117 ಕಿಲೋ ಉಕ್ಕಿಗೆ ನಾವು ಹಣ ಕೊಟ್ಟಿರುತ್ತೇವೆ, ಉಕ್ಕು ಮಾತ್ರ ಬಂದಿರುವುದಿಲ್ಲ.

ಕೊಳವೆಯ ವಿಷಯವೂ ಹೀಗೆಯೇ. ಎರಡಿಂಚಿನ ಕೊಳವೆಯೆಂದರೆ ಹೊರಗಿನ ಅಳತೆ ಯಾವಾಗಲೂ 60.3 ಮಿಲಿಮೀಟರ್. ಗೋಡೆಯ ದಪ್ಪ ಮಾತ್ರ ಹಗುರ ದರ್ಜೆಯಲ್ಲಿ 2.9, ಮಧ್ಯಮ ದರ್ಜೆಯಲ್ಲಿ 3.6 ಮಿಲಿಮೀಟರ್. ಬಣ್ಣ ಬಳಿದು ನಿಲ್ಲಿಸಿದ ಮೇಲೆ ಯಾರಿಗೂ ವ್ಯತ್ಯಾಸ ತಿಳಿಯದು. ಆದರೆ 6 ಮೀಟರಿನ ಒಂದು ಕೊಳವೆಯನ್ನು ತೂಗಿದರೆ ಹಗುರದ್ದು ಸುಮಾರು 24.6 ಕಿಲೋ, ಮಧ್ಯಮದ್ದು ಸುಮಾರು 30.2 ಕಿಲೋ. ಹತ್ತಿ ತೂಗುವ ಕಾಟಾ ನಮ್ಮ ಊರಲ್ಲೇ ಇದೆ. ಕೊಳವೆ ಇಳಿಸುವ ದಿನ ಒಂದನ್ನು ತೂಗಲು ಹತ್ತು ನಿಮಿಷ ಸಾಕು.

ಇನ್ನು ಗಾಳಿಯ ಮಾತು. ಮಾಳಿಗೆ ಮನೆ ಕೆಳಕ್ಕೆ ಕುಸಿದೀತೆಂಬ ಭಯ. ತಗಡಿನ ಶೆಡ್ಡು ಮೇಲಕ್ಕೆ ಹಾರೀತೆಂಬ ಭಯ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 24 ಕಿಲೋ ಭಾರದಷ್ಟು ಒತ್ತಡ ಹಾಕಬಲ್ಲದು. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. ಅಷ್ಟೇ ಜಾಗದ ತಗಡಾದರೋ ನಾಲ್ಕೈದು ಕಿಲೋ. ಒಂದು ಬದಿ ತೆರೆದಿದ್ದರೆ ಗಾಳಿ ಒಳಹೊಕ್ಕು ಕೆಳಗಿನಿಂದಲೂ ಎತ್ತುತ್ತದೆ. ಹಾಗಾದರೆ ಶೆಡ್ಡನ್ನು ಹಿಡಿದಿಡುವವರು ಯಾರು? ಬೋಲ್ಟು, ವೆಲ್ಡಿಂಗು ಮತ್ತು ಬುನಾದಿ. ಈ ಮೂರೂ ಕಣ್ಣಿಗೆ ಬೀಳದ ಜಾಗದಲ್ಲಿರುವುದರಿಂದ ಕಳ್ಳತನವೂ ಅಲ್ಲಿಯೇ ಆಗುವುದುಂಟು.

ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹಿಡಿಯುವಷ್ಟು ಬಿರುಕು ಬಿಡುತ್ತದೆ. ಎರಡಡಿ ಗುಂಡಿ ತೋಡಿ ಕಂಬ ನಿಲ್ಲಿಸಿದರೆ ಭೂಮಿ ಅದನ್ನು ವರ್ಷವರ್ಷವೂ ಎತ್ತಿ ಇಳಿಸುತ್ತದೆ. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆಯವರು ಬುಡದಲ್ಲಿ ಗಡ್ಡೆಯ ಹಾಗೆ ಅಗಲವಾಗುವ ಕಾಂಕ್ರೀಟ್ ಕಂಬದ ಬುನಾದಿಯನ್ನು ಬಳಕೆಗೆ ತಂದರು. ಸಾಮಾನ್ಯವಾಗಿ ಅದನ್ನು ಮೂರೂವರೆ ಮೀಟರ್ ಆಳದವರೆಗೆ ಇಳಿಸುವುದುಂಟು. ಗಡ್ಡೆ ಮಣ್ಣಿನಲ್ಲಿ ಸಿಕ್ಕಿಕೊಳ್ಳುವುದರಿಂದ ಗಾಳಿ ಎತ್ತಿದರೂ ಅದು ಬಿಡುವುದಿಲ್ಲ. ಎಲ್ಲರಿಗೂ ಅಷ್ಟು ಖರ್ಚು ಆಗಲಾರದು. ಆದರೂ ಬುನಾದಿ ಎಷ್ಟು ಆಳ, ಎಷ್ಟು ಅಗಲವೆಂಬುದನ್ನು ಇಂಜಿನಿಯರೊಬ್ಬರನ್ನು ಕೇಳಿ ಗೊತ್ತುಮಾಡಿರಿ. ಗುಂಡಿ ತೋಡಿದ ದಿನ ನೀವೇ ಕೋಲು ಇಳಿಸಿ ಅಳೆಯಿರಿ. ಕಾಂಕ್ರೀಟ್ ಹಾಕುವ ಮೊದಲು ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿರಿ.

ಈಗ ಗುತ್ತೇದಾರರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ನನ್ನ ಶೆಡ್ಡನ್ನು ಎರಡನೆಯ ಸಲ ಕಟ್ಟಿಕೊಟ್ಟವರು ಬೇರೊಬ್ಬರು. ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಟ್ಟರು. ದರ ಮೊದಲಿನವನಿಗಿಂತ ಹೆಚ್ಚೇ ಇತ್ತು. ಏಕೆಂದು ಕೇಳಿದೆ. "ತೂಕ ಹೆಚ್ಚೈತ್ರಿ, ಕಾಟಾಕ್ಕ ಹಾಕಿ ನೋಡ್ರಿ" ಎಂದರು. ಹಾಕಿ ನೋಡಿದೆ, ಸರಿಯಾಗಿತ್ತು. ಆ ಶೆಡ್ಡು ಇಂದಿಗೂ ನಿಂತಿದೆ. ಅವರಿಗೂ ಗಿರಾಕಿಗಳಿಂದ ಕಷ್ಟವುಂಟು. ಚದರ ಅಡಿಗೆ ಕಡಿಮೆ ದರ ಯಾರು ಹೇಳುತ್ತಾರೋ ಅವರಿಗೇ ನಾವು ಕೆಲಸ ಕೊಡುತ್ತೇವೆ. ಅರ್ಧ ಕೆಲಸವಾದ ಮೇಲೆ ಒಂದು ಬಾಗಿಲು ಹೆಚ್ಚು, ಎರಡಡಿ ಎತ್ತರ ಹೆಚ್ಚು ಎನ್ನುತ್ತೇವೆ, ಅದಕ್ಕೆ ಹಣ ಕೊಡುವುದಿಲ್ಲ. ಬೆಳೆ ಬಂದ ಮೇಲೆ ಕೊಡುತ್ತೇವೆಂದು ವರ್ಷಗಟ್ಟಲೆ ಬಾಕಿ ಇಡುತ್ತೇವೆ. ಹೀಗೆ ಮಾಡಿದರೆ ಪ್ರಾಮಾಣಿಕನು ಕಸುಬು ಬಿಡುತ್ತಾನೆ, ಮೋಸಗಾರನು ಉಳಿಯುತ್ತಾನೆ.

ಆದುದರಿಂದ ಇಬ್ಬರಿಗೂ ಹಿತವಾದ ಕ್ರಮ ಹೀಗಿರಲಿ. ಕರಾರನ್ನು ಕಾಗದದ ಮೇಲೆ ಬರೆಯಿರಿ. ಉದ್ದ, ಅಗಲ, ಎತ್ತರ, ತಗಡಿನ ದಪ್ಪ, ಕೊಳವೆಯ ದರ್ಜೆ, ಬುನಾದಿಯ ಆಳ, ಮುಗಿಸುವ ದಿನ, ಇವೆಲ್ಲ ಅದರಲ್ಲಿರಲಿ. ಹೊಸದಾಗಿ ಸೇರಿಸುವ ಕೆಲಸಕ್ಕೆ ಹೊಸ ದರವನ್ನೂ ಬರೆಯಿರಿ. ಹಣವನ್ನು ಕಂತಿನಲ್ಲಿ ಕೊಡಿರಿ: ಕರಾರಿನ ದಿನ ಸ್ವಲ್ಪ, ಸಾಮಾನು ತೂಗಿ ಇಳಿಸಿದಾಗ ಒಂದು ಕಂತು, ಕಂಬ ನಿಂತಾಗ ಒಂದು, ತಗಡು ಏರಿದಾಗ ಒಂದು. ಹತ್ತರಲ್ಲಿ ಒಂದು ಪಾಲನ್ನು ಒಂದು ಮಳೆಗಾಲ ದಾಟುವವರೆಗೆ ನಿಮ್ಮಲ್ಲೇ ಉಳಿಸಿಕೊಳ್ಳಲು ಮೊದಲೇ ಒಪ್ಪಂದವಾಗಲಿ. ಮಳೆಗಾಲ ಸುಖವಾಗಿ ಕಳೆದರೆ ಅದನ್ನು ಒಂದು ದಿನವೂ ತಡಮಾಡದೆ ಕೊಟ್ಟುಬಿಡಿರಿ. ಪ್ರತಿ ಕಂತಿಗೂ ರಸೀದಿ, ಕೊನೆಗೆ ಬಿಲ್ಲು ಪಡೆಯಿರಿ.

ಇಷ್ಟಾದರೂ ಮೋಸವಾದರೆ ಕಾನೂನು ಇದೆ. 1993ರಲ್ಲಿ ಸುಪ್ರೀಂ ಕೋರ್ಟು ಮನೆ ಕಟ್ಟಿಕೊಡುವ ಕೆಲಸವೂ ಗ್ರಾಹಕನಿಗೆ ಸಲ್ಲಿಸುವ ಸೇವೆಯೆಂದು ತೀರ್ಪು ಕೊಟ್ಟಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಂತೆ ನಾವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ದೊಡ್ಡ ವ್ಯಾಪಾರಕ್ಕೆಂದು ಕಟ್ಟಿಸಿದ್ದಕ್ಕೆ ಈ ಕಾಯಿದೆ ಅನ್ವಯಿಸದು; ಆದರೆ ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕಟ್ಟಿಸಿದ ಗಿರಣಿಗೂ ವರ್ಕ್‌ಶಾಪಿಗೂ ರಕ್ಷಣೆ ಉಂಟು. ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ಸಲಹೆಗೆ 1915ಕ್ಕೆ ಫೋನು ಮಾಡಬಹುದು. ನನ್ನಲ್ಲಿ ಕಾಗದವೂ ಇರಲಿಲ್ಲ, ರಸೀದಿಯೂ ಇರಲಿಲ್ಲ. ನಾಚಿಕೆಯಲ್ಲಿ ಕಾಲ ಕಳೆದೆ, ಅವಧಿ ಮೀರಿತು.

ಇದೆಲ್ಲಕ್ಕಿಂತ ಮೊದಲಿನ ಉಪಾಯವೊಂದಿದೆ, ಅದಕ್ಕೆ ಖರ್ಚಿಲ್ಲ. ಕೆಲಸ ಒಪ್ಪಿಸುವ ಮೊದಲು ಆ ಗುತ್ತೇದಾರ ಕಟ್ಟಿದ ಮೂರು ಶೆಡ್ಡುಗಳಿಗೆ ಹೋಗಿರಿ. ಹೊಸದನ್ನಲ್ಲ, ಎರಡು ಮಳೆಗಾಲ ಕಂಡದ್ದನ್ನು ನೋಡಿರಿ. ಮಾಲೀಕನನ್ನು ಕೇಳಿರಿ: ಸೋರುತ್ತದೆಯೇ? ಹೇಳಿದ ದಿನಕ್ಕೆ ಮುಗಿಸಿದನೇ? ಹಣ ಪಡೆದ ಮೇಲೆ ಕರೆದರೆ ಬಂದನೇ? ಮತ್ತು ನಿಮ್ಮನ್ನು ಯಾರಾದರೂ ಹೀಗೆ ಕೇಳಲು ಬಂದರೆ, ಆದದ್ದನ್ನು ಆದ ಹಾಗೆ ಹೇಳಿರಿ. ಸಿಟ್ಟಿಗೆ ಹೆಚ್ಚಿಸಿ ಹೇಳಬೇಡಿರಿ, ನಾಚಿಕೆಗೆ ಮುಚ್ಚಿಡಬೇಡಿರಿ.

ಈ ಕಾರಣಕ್ಕಾಗಿ ನನ್ನದೊಂದು ಸೂಚನೆ. ಊರಿನಲ್ಲಿ ಎಲ್ಲರ ಕೈಗೆ ಸಿಗುವಂತೆ ಒಂದು ದಫ್ತರ ಇಡೋಣ. ಶೆಡ್ಡು ಕಟ್ಟಿಸಿದ ಪ್ರತಿಯೊಬ್ಬರೂ ಅದರಲ್ಲಿ ಅಳತೆ, ತೂಕ, ದರ, ಮುಗಿದ ದಿನ, ಮಳೆಗಾಲದ ನಂತರದ ಸ್ಥಿತಿ ಇವನ್ನು ಬರೆಯಲಿ. ಬೈಗುಳ ಬೇಡ, ಅಳೆದದ್ದು ಮಾತ್ರ ಇರಲಿ. ಗುತ್ತೇದಾರರಿಗೂ ಅದನ್ನು ತೋರಿಸೋಣ. ಅವರ ಉತ್ತರವಿದ್ದರೆ ಅದನ್ನೂ ಕೆಳಗೆ ಬರೆಯಲಿ. ಒಳ್ಳೆಯ ಕೆಲಸಗಾರನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿಲ್ಲ.

ಮೊದಲನೆಯ ಪುಟದಲ್ಲಿ ನನ್ನ ಶೆಡ್ಡಿನ ಲೆಕ್ಕ ಬರೆಯಲು ಸಿದ್ಧನಿದ್ದೇನೆ, ಹಾರಿಹೋದದ್ದರದ್ದೂ, ನಿಂತದ್ದರದ್ದೂ. ಆ ಗಿರಣಿಯ ತಂಗಿಯ ಹತ್ತಿರ ಹೋಗಿ ತಪ್ಪೊಪ್ಪಿಕೊಂಡಿದ್ದೇನೆ. ಆಕೆಯ ನಾಲ್ಕು ಕಂಬಗಳಿಗೆ ಮೇಲ್ಭಾಗ ಹೊಂದಿಸುವ ವೆಲ್ಡಿಂಗ್ ಕೆಲಸವನ್ನು ಕೂಲಿಯಿಲ್ಲದೆ ಮಾಡಿಕೊಡುವೆನೆಂದು ಮಾತು ಕೊಟ್ಟಿದ್ದೇನೆ. ಆಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: "ತಗಡು ಬಂದ ದಿನ ತೂಗೋದು ನಾನ್ರಿ, ಅಣ್ಣಾ."

ಸರಿಯಾದ ಮಾತು. ನೀವೂ ತೂಗಿರಿ.